ಒಂದು ರಾತ್ರಿಯ ಮಟ್ಟಿಗೆ

ರೆಸಾರ್ಟಿನ ಬಾಗಿಲು ದಾಟುತ್ತಲೇ ಮೂಗಿಗೆ ಬಡಿದದ್ದು ಒದ್ದೆ ಗೋಣಿಚೀಲದ ವಾಸನೆ. ಅದನ್ನು ಮುಚ್ಚಲು ಯಾರೋ ಫಿನಾಯಿಲ್ ಸುರಿದಿದ್ದರು, ಫಿನಾಯಿಲ್ ಮುಚ್ಚಲು ಊದಿನಕಡ್ಡಿ ಹಚ್ಚಿದ್ದರು. ಮೂರರಲ್ಲಿ ಒಂದೂ ಸೋತಿರಲಿಲ್ಲ. ಕೌಂಟರಿನ ಪಕ್ಕ ಗಾಜಿನ ದೊಡ್ಡ ಮೀನಿನ ತೊಟ್ಟಿಯೊಂದಿತ್ತು. ಅದರಲ್ಲಿ ಮೀನಿಲ್ಲ, ನೀರೂ ಇಲ್ಲ. ಯಾವುದೋ ಮದುವೆಗೆ ಕತ್ತರಿಸಿದ್ದ ಥರ್ಮಾಕೋಲ್ ಅಕ್ಷರಗಳನ್ನು ಒಳಗೆ ತುರುಕಿದ್ದರು. ಸೋಫಾದ ಮೇಲೆ ಮೈ ಹುಣ್ಣಾದ ಬೆಕ್ಕೊಂದು ಮಲಗಿತ್ತು. "ಬೈಠಿಯೇ, ಬೈಠಿಯೇ" ಅಂದ ಮ್ಯಾನೇಜರ್. ಬೆಕ್ಕಿನ ಪಕ್ಕದಲ್ಲೋ, ಬೆಕ್ಕಿನ ಮೇಲೋ? ಬೆಕ್ಕಿಗೂ ಅವನಿಗೂ ಸೇರಿಸಿ ಕನ್ನಡದಲ್ಲಿ ಮೆಲ್ಲಗೆ ಎರಡು ಮಾತು ಗೊಣಗಿ ನಾನು ನಿಂತೇ ಇದ್ದೆ.

"ಥೂ" ಅಂತ ಜೋರಾಗಿ ಅನ್ನುವುದು ಗಂಟಲ ತನಕ ಬಂತು, ನುಂಗಿಕೊಂಡೆ. ಬೆಳಿಗ್ಗೆ ಮುಂಬಯಿಯ ವಿಕ್ರೋಳಿಯಲ್ಲಿ ನಮ್ಮ ಮನೆ ಮುಂದೆ ಟ್ಯಾಕ್ಸಿ ಹತ್ತುವಾಗಲೇ ನಮ್ಮ ಯಜಮಾನರು ನನ್ನ ಕೈ ಹಿಡಿದು ನಿಲ್ಲಿಸಿ ಹೇಳಿದ್ದರು: "ನೋಡು, ನಾಳೆ ಬೆಳಿಗ್ಗೆವರೆಗೆ ಬಾಯಿಗೆ ಬೀಗ ಹಾಕ್ಕೋ. ಏನೇ ಕಂಡರೂ ಚೆನ್ನಾಗಿದೆ ಅನ್ನು. ಹೆಣ್ಣು ಹೆತ್ತವರು ನಾವು." ನನ್ನ ಬಾಯಿಯ ವಿಷಯ ಅವರಿಗೆ ಮೂವತ್ತು ಚಿಲ್ಲರೆ ವರ್ಷಗಳಿಂದ ಗೊತ್ತು. ನಾಲಿಗೆಯ ಮೇಲೆ ಬಂದದ್ದನ್ನು ಉಗುಳದಿದ್ದರೆ ನನಗೆ ರಾತ್ರಿ ನಿದ್ದೆ ಬರುವುದಿಲ್ಲ. ಆದರೂ ಅವತ್ತು ಆಗಲಿ ಅಂದಿದ್ದೆ.

ವಿಷಯ ಇಷ್ಟು. ನಮಗಿರುವುದು ಒಬ್ಬಳೇ ಮಗಳು, ಬಾಂದ್ರಾದಲ್ಲಿ ಆಫೀಸು. ಅದೇ ಆಫೀಸಿನ ಹುಡುಗನೊಬ್ಬನನ್ನು ಮೆಚ್ಚಿದ್ದಳು. ಹುಡುಗನ ಮನೆಯವರು ವಿಜಯಪುರದ ಕಡೆಯವರು. ಅಪ್ಪ ಕಟ್ಟಡದ ಕೆಲಸಕ್ಕೆಂದು ಮುಂಬಯಿಗೆ ಬಂದವರು, ಈಗ ಸಣ್ಣ ಕಂಟ್ರಾಕ್ಟರ್. ದಾದರಿನ ಚಾಳಿನಲ್ಲಿ ಒಂದು ರೂಮು, ಒಂದು ಅಡುಗೆಮನೆ. ನಾವು ಮಂಡ್ಯದ ಕಡೆಯವರು. ಯಜಮಾನರು ವಿಕ್ರೋಳಿಯ ಕಾರ್ಖಾನೆಯಲ್ಲೇ ದುಡಿದು ನಿವೃತ್ತರಾದವರು. ನನಗೆ ಈ ಸಂಬಂಧ ಬೇಡವಾಗಿತ್ತು. ಸುಳ್ಳು ಯಾಕೆ ಹೇಳಲಿ? ಚಾಳು ಅಂದ ಕೂಡಲೇ ನನ್ನ ಮುಖ ಗಂಟಿಕ್ಕಿತ್ತು. ಆದರೆ ಹುಡುಗ ಒಳ್ಳೆಯವನು, ಮಾತು ಮೆತ್ತಗೆ, ಕುಡಿಯುವುದಿಲ್ಲ, ಮಗಳೆಂದರೆ ಜೀವ. ಬೇಡ ಅನ್ನಲು ನೆಪ ಸಿಕ್ಕಿರಲಿಲ್ಲ.

ಎರಡು ಮನೆಯವರು ಒಮ್ಮೆ ಕೂತು ಮಾತಾಡಬೇಕಲ್ಲ, ಅದೇ ಆಗದೆ ತಿಂಗಳುಗಟ್ಟಲೆ ಎಳೆಯಿತು. ನಮ್ಮ ಪದ್ಧತಿಯಲ್ಲಿ ಗಂಡಿನ ಕಡೆಯವರು ಮೊದಲು ಹೆಣ್ಣಿನ ಮನೆಗೆ ಬರಬೇಕು. ಅವರ ಮನೆಯ ಪದ್ಧತಿಯಲ್ಲಿ ಹೆಣ್ಣಿನ ಕಡೆಯವರು ಮೊದಲು ಹೋಗಿ ಕೇಳಬೇಕಂತೆ. ನಾವು ಅವರು ಬರಲಿ ಅಂತ, ಅವರು ನಾವು ಬರಲಿ ಅಂತ. ಕೊನೆಗೊಂದು ಸಂಜೆ ಮಗಳು ಬಂದು ಹೇಳಿದಳು: "ಅಮ್ಮ, ಅವರ ಮನೆಯವರೇ ಕರೀತಿದ್ದಾರೆ. ಮಲಾಡ್ ಹತ್ರ ಮಾರ್ವೆ ಜೆಟ್ಟಿ ಇದೆಯಲ್ಲ, ಅಲ್ಲಿಂದ ಬೋಟಲ್ಲಿ ಆಚೆ ದಾಟಿದ್ರೆ ಸಮುದ್ರದ ಪಕ್ಕಾನೇ ರೆಸಾರ್ಟ್. ಅವನೇ ಹೋಗಿ ನೋಡ್ಕೊಂಡು ಬಂದಿದ್ದಾನೆ. ಅಪ್ಪನ ಮಂಡಿ ವಿಷಯ ಹೇಳಿದ್ದೀನಿ. ಕೆಳಗಿನ ರೂಮು, ಬಾತ್ರೂಮಲ್ಲಿ ಹಿಡ್ಕೊಳ್ಳೋಕೆ ಸ್ಟೀಲ್ ಕಂಬಿ, ಎಲ್ಲಾ ಇದೆ. ಒಂದು ರಾತ್ರಿ, ಅಷ್ಟೇ."

ಯಜಮಾನರ ಮಂಡಿಗೆ ಆಪರೇಷನ್ ಆಗಿ ವರ್ಷವೂ ಆಗಿರಲಿಲ್ಲ. ಆದರೂ ಅವರಾಗಿ ಕರೆದಾಗ ಬರುವುದಿಲ್ಲ ಅನ್ನುವುದು ಹೇಗೆ? ಅಲ್ಲಿ ರಾತ್ರಿ ಉಳಿದರೆ ಸಂಜೆಗೆ ಮಾತುಕತೆ, ಬೆಳಿಗ್ಗೆಗೆ ತಾಂಬೂಲ. ಉಳಿಯದೆ ಎದ್ದು ಬಂದರೆ ಸಂಬಂಧಕ್ಕೆ ಅಲ್ಲಿಗೇ ಕೈಮುಗಿದಂತೆ. ಯಾರೂ ಬಾಯಿಬಿಟ್ಟು ಹಾಗೆ ಹೇಳಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಅದಕ್ಕೇ ಆ ಬೆಕ್ಕಿನ ಮುಂದೆ ನಿಂತಾಗ ನನಗೆ ಅಸಹ್ಯದ ಜೊತೆಗೆ ಒಳಗೊಳಗೇ ಒಂದು ಬಗೆಯ ಸಮಾಧಾನವೂ ಆಯಿತು. ಸಿಕ್ಕಿತು ನೆಪ! ಹೆಣ್ಣು ಕೊಡುವವರನ್ನು ಇಂಥ ಕೊಂಪೆಗೆ ಕರೆದು ಕೂರಿಸುವ ಜನ ನಾಳೆ ನನ್ನ ಮಗಳನ್ನು ಹೇಗೆ ಇಟ್ಟುಕೊಂಡಾರು?

ಅವರು ನಮಗಿಂತ ಮೊದಲೇ ಬಂದಿದ್ದರು. ಹುಡುಗನ ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಎದ್ದು ಬಂದು ಕೈಮುಗಿದರು. "ಬರ್ರಿ ಬರ್ರಿ, ದಾರ‍್ಯಾಗ ತ್ರಾಸ ಆಗಲಿಲ್ಲಲ್ರಿ?" ಹುಡುಗನ ಅಮ್ಮ ಹಸಿರು ಇಳಕಲ್ ಸೀರೆ ಉಟ್ಟಿದ್ದರು, ತಲೆಯ ಮೇಲೆ ಸೆರಗು. ನನ್ನನ್ನು "ಅಕ್ಕಾರ" ಅಂದರು. ಅವರನ್ನು ಏನೆಂದು ಕರೆಯಬೇಕೋ ತಿಳಿಯದೆ ನಾನು "ಇವರೇ, ಚೆನ್ನಾಗಿದ್ದೀರಾ" ಅಂದೆ. ಬೀಗಿತ್ತಿ ಅನ್ನಲು ಬಾಯಿ ಬರಲಿಲ್ಲ.

"ಜಾಗ ತುಂಬಾ ಚೆನ್ನಾಗಿದೆ" ಅಂದರು ನಮ್ಮ ಯಜಮಾನರು, ಗೋಡೆಯ ಉಬ್ಬಿದ ಬಣ್ಣ ನೋಡುತ್ತಾ.

"ಹೌದೌದ್ರಿ, ಭಾಳ ಛಲೋ ಐತಿ" ಅಂದರು ಅವರು, ಮೇಲೆ ತಿರುಗದೆ ನಿಂತಿದ್ದ ಫ್ಯಾನ್ ನೋಡುತ್ತಾ.

ಕೆಳಗಿನ ರೂಮುಗಳಲ್ಲೆಲ್ಲ ರಿಪೇರಿಯಂತೆ. ನಮಗೆ ಕೊಟ್ಟದ್ದು ಮೊದಲ ಮಹಡಿ. ಮೆಟ್ಟಿಲು ಹೊರಗಡೆಯಿಂದ, ಅದರ ತುಂಬ ಪಾಚಿ. "ನೀನು ಕೆಳಗಿನ ರೂಮು ಅಂದಿದ್ದೆ" ಅಂದಳು ಮಗಳು. "ನಾನು ನೋಡಿದಾಗ ಇತ್ತು ಯಾರ್, ಈಗ ಏನೋ ಕೆಲಸ ಶುರು ಮಾಡಿದ್ದಾರೆ. ಒಂದೇ ರಾತ್ರಿ ತಾನೇ" ಅಂದ ಹುಡುಗ. ಯಜಮಾನರು ಒಂದೊಂದೇ ಮೆಟ್ಟಿಲು ಹತ್ತಿ, ಅರ್ಧಕ್ಕೆ ಬಂದು, ಪಕ್ಕದ ಕಂಬಿ ಹಿಡಿದುಕೊಂಡರು. ಕಂಬಿ ಕೈಗೇ ಬಂತು. ಪಕ್ಕದಲ್ಲಿದ್ದ ಹುಡುಗ ತಟ್ಟನೆ ಸೊಂಟಕ್ಕೆ ಕೈಹಾಕಿ ಹಿಡಿದ ಕಾರಣ ಉಳಿದರು, ಇಲ್ಲದಿದ್ದರೆ ಆಪರೇಷನ್ ಮಾಡಿದ ಮಂಡಿ ಅಲ್ಲೇ ಚೂರಾಗುತ್ತಿತ್ತು. ತುಕ್ಕು ಹಿಡಿದ ಆ ಕಂಬಿಯನ್ನು ಕೈಯಲ್ಲಿ ಹಿಡಿದುಕೊಂಡೇ ಯಜಮಾನರು ನಕ್ಕರು. "ಏನಿಲ್ಲ, ಏನಿಲ್ಲ. ಪರವಾಗಿಲ್ಲ." ಅಂಗೈಯೆಲ್ಲ ಕಂದು ಬಣ್ಣವಾಗಿತ್ತು. ಮಗಳು ಹುಡುಗನ ಮುಖವನ್ನೇ ನೋಡುತ್ತಿದ್ದಳು. ಆಗ ನನಗೆ ಅದರ ಅರ್ಥವಾಗಲಿಲ್ಲ.

ರೂಮಿನ ಬಾಗಿಲು ಭುಜ ಕೊಟ್ಟು ತಳ್ಳಬೇಕಾಯಿತು. ರಾಮ ರಾಮ! ದಿಂಬಿನ ಮೇಲೆ ಯಾರದೋ ಉದ್ದನೆಯ ಕೂದಲು. ಹಾಸಿಗೆಯ ಮೇಲೆ ತೊಳೆದರೂ ಹೋಗದ ಒಂದು ದೊಡ್ಡ ಹಳದಿ ಕಲೆ, ಅದನ್ನು ಮುಚ್ಚಲು ಟವೆಲ್ಲನ್ನು ಹಂಸದ ಹಾಗೆ ಮಡಿಸಿ ಕೂರಿಸಿದ್ದರು. ಟವೆಲ್ ಎತ್ತಿ ಮೂಸಿ ನೋಡಿದೆ, ನೋಡಬಾರದಿತ್ತು. ಏಸಿಯಿಂದ ತೊಟತೊಟನೆ ಸೋರುವ ನೀರಿಗೆ ಬಕೆಟ್ ಇಟ್ಟಿದ್ದರು, ಬಕೆಟ್ಟಿನ ಒಳಗೋಡೆಗೆ ಕೈಯಿಟ್ಟರೆ ಜಾರುವಂಥ ಲೋಳೆ. ಬಾತ್ರೂಮಿನಲ್ಲಿ ಹಿಂದೆ ಇದ್ದವರ ಹಲ್ಲುಜ್ಜುವ ಬ್ರಷ್ ಹಾಗೇ ನಿಂತಿತ್ತು. ಕಮೋಡಿನ ಒಳಗಿನ ಸಂಗತಿ ಬರೆಯಲಾರೆ, ಓದುವವರು ಊಟ ಮಾಡಬೇಕಲ್ಲ. ಹಿಡಿದುಕೊಳ್ಳುವ ಸ್ಟೀಲ್ ಕಂಬಿ ಎಲ್ಲೂ ಕಾಣಲಿಲ್ಲ. ಗೋಡೆಯಲ್ಲಿ ಅದಕ್ಕೆಂದು ಕೊರೆದ ತೂತುಗಳೂ ಇರಲಿಲ್ಲ.

"ರೀ, ನನ್ನಿಂದ ಆಗಲ್ಲ. ಈಗಲೇ ಹೊರಡೋಣ. ಇಂಥ ಜಾಗ ಹಿಡಿದಿರೋರ ಮನೆಗೆ ಹುಡುಗೀನ ಕೊಡೋದು ಬೇಡ."

"ಮೆತ್ತಗೆ! ಪಕ್ಕದ ರೂಮಲ್ಲಿ ಅವರಿದ್ದಾರೆ. ಪಾಪ, ಅವರ ಶಕ್ತಿಗೆ ತಕ್ಕಂತೆ ಮಾಡಿದ್ದಾರೆ. ಒಂದು ರಾತ್ರಿ ಹಲ್ಲು ಕಚ್ಕೊಂಡು ಇರು."

"ಹಲ್ಲು ಕಚ್ಚಿದರೂ ಮೂಗು ತೆರೆದೇ ಇರುತ್ತಲ್ಲ!"

ಊಟದ ಹೊತ್ತಿಗೆ ಇನ್ನೊಂದು ನಾಟಕ. ಊಟದ ಕೋಣೆಯಲ್ಲಿ ಸಾಲಾಗಿ ಸ್ಟೀಲ್ ಪಾತ್ರೆಗಳು, ಎಲ್ಲದರಲ್ಲೂ ಒಂದೇ ಕೆಂಪು ಗ್ರೇವಿ. ಒಂದರಲ್ಲಿ ಪನೀರ್ ತೇಲುತ್ತಿತ್ತು, ಒಂದರಲ್ಲಿ ಬಟಾಣಿ, ಮೂರನೆಯದರಲ್ಲಿ ನೊಣ. ನನ್ನ ಚೀಲದಲ್ಲಿ ಬೆಳಿಗ್ಗೆ ಕಲಸಿದ ಪುಳಿಯೋಗರೆ ಇತ್ತು. ತೆಗೆಯುವ ಹಾಗಿಲ್ಲ, ಕರೆದವರಿಗೆ ಅವಮಾನ. ಹುಡುಗನ ಅಮ್ಮನ ಚೀಲದಿಂದಲೂ ಶೇಂಗಾ ಚಟ್ನಿಯ ಘಮ ಬರುತ್ತಿತ್ತು, ಅವರೂ ತೆಗೆಯಲಿಲ್ಲ. ನಾವಿಬ್ಬರೂ ಚೀಲಗಳನ್ನು ಕಾಲ ಬುಡದಲ್ಲಿಟ್ಟುಕೊಂಡು ಆ ಗ್ರೇವಿಯನ್ನು ಚಪಾತಿಯ ತುದಿಯಿಂದ ಮುಟ್ಟಿ ಮುಟ್ಟಿ ತಿಂದೆವು.

"ಸ್ವಲ್ಪ ಹಾಕ್ಕೊಳ್ರಿ, ಸಂಕೋಚ ಮಾಡ್ಕೋಬ್ಯಾಡ್ರಿ" ಅಂದರು ಅವರು.

"ಅಯ್ಯೋ, ನೀವು ಹಾಕ್ಕೊಳ್ಳಿ. ತುಂಬಾ ರುಚಿಯಾಗಿದೆ" ಅಂದೆ ನಾನು. ಹೇಳಿದ ಮೇಲೆ ನನ್ನ ನಾಲಿಗೆಯ ಮೇಲೇ ನನಗೆ ಹೇಸಿಗೆಯಾಯಿತು.

ಊಟವಾದ ಮೇಲೆ ಗಂಡಸರು ಸಮುದ್ರ ನೋಡೋಣ ಅಂದರು. ದಾರಿಯಲ್ಲಿ ಈಜುಕೊಳ ಸಿಕ್ಕಿತು. ಅದರ ನೀರು ಹಳೆಯ ಸೊಪ್ಪಿನ ಸಾರಿನ ಬಣ್ಣ, ಮೇಲೆ ಒಂದು ಚಪ್ಪಲಿ. ದಂಡೆಯಲ್ಲಿ ತೆಂಗಿನ ಮರಗಳೇನೋ ಇದ್ದವು, ಅವುಗಳ ಬುಡದಲ್ಲಿ ಮಕ್ಕಳ ಡೈಪರು, ಬಿಯರ್ ಬಾಟಲಿ, ಬಣ್ಣ ಕಳೆದುಕೊಂಡ ಒಂದು ದೇವರ ಮೂರ್ತಿಯ ಕೈ. ಅದನ್ನು ನೋಡಿ ಕೈಮುಗಿಯಬೇಕೋ ಕಣ್ಣು ಮುಚ್ಚಬೇಕೋ ತಿಳಿಯಲಿಲ್ಲ. ಅಲೆ ಬಂದಾಗಲೆಲ್ಲ ಒಂದಿಷ್ಟು ಪ್ಲಾಸ್ಟಿಕ್ ತಂದು ಹಾಕಿ ಹೋಗುತ್ತಿತ್ತು. ಮರಳಿನ ತುಂಬ ಡಾಂಬರಿನ ಕಪ್ಪು ಉಂಡೆಗಳು. ನನ್ನ ಅಂಗಾಲಿಗೆ ಒಂದು ಹತ್ತಿಕೊಂಡಿತು, ಕಲ್ಲಿಗೆ ಎಷ್ಟು ಉಜ್ಜಿದರೂ ಬಿಡಲಿಲ್ಲ.

"ಹವಾ ಮಾತ್ರ ಏನ್ ಕೇಳಬ್ಯಾಡ್ರಿ" ಅಂದರು ಹುಡುಗನ ಅಪ್ಪ, ಕರವಸ್ತ್ರದಿಂದ ಮೂಗು ಒರೆಸಿಕೊಳ್ಳುವ ನೆಪದಲ್ಲಿ ಅಲ್ಲೇ ಹಿಡಿದುಕೊಂಡು.

"ಇಂಥ ಗಾಳಿ ವಿಕ್ರೋಳೀಲಿ ಎಲ್ಲಿ ಬರಬೇಕು" ಅಂದರು ನಮ್ಮವರು.

ನಾನು ಯಾರಿಗೂ ಹೇಳದೆ ರೂಮಿಗೆ ವಾಪಸು ಬಂದು ಕುರ್ಚಿಯ ಮೇಲೆ ನನ್ನದೇ ಟವೆಲ್ ಹಾಸಿ ಕೂತೆ. ಸಂಜೆಯ ಮಾತುಕತೆಗೆ ಮೊದಲು ತಲೆನೋವು ಅಂದುಬಿಡುವುದು, ಟ್ಯಾಕ್ಸಿ ಕರೆಸುವುದು, ಮನೆಗೆ ಹೋದ ಮೇಲೆ ಮಗಳಿಗೆ ನಿಧಾನವಾಗಿ ತಿಳಿಹೇಳುವುದು, ಎಲ್ಲ ತೀರ್ಮಾನ ಮಾಡಿಕೊಂಡೆ. ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. ಹುಡುಗನ ಅಮ್ಮ. ಸೀರೆಯ ನಿರಿಗೆಯನ್ನು ಮೇಲೆತ್ತಿ ಸಿಕ್ಕಿಸಿಕೊಂಡಿದ್ದರು, ಚೀಲವೂ ಕೈಯಲ್ಲೇ ಇತ್ತು.

"ಅಕ್ಕಾರ, ನಿಮ್ಮ ರೂಮಿನಾಗ ನಳಕ್ಕ ನೀರು ಬರಾಕತ್ತಾವೇನ್ರಿ? ನಮ್ಮದ್ರಾಗ ಮದ್ಲ ಚಾ ಬಂದಂಗ ಬಂತು, ಆಮ್ಯಾಲ ಅದೂ ನಿಂತು ಹೋತು."

ಒಳಗೆ ಬನ್ನಿ ಅಂದೆ. ಬಾತ್ರೂಮಿಗೆ ಹೋದವರು ಹೋದಷ್ಟೇ ಬೇಗ ಹೊರಗೆ ಬಂದರು, ಸೆರಗನ್ನು ಮೂಗಿಗೆ ಒತ್ತಿಕೊಂಡು. ನನ್ನನ್ನು ನೋಡಿದ ಕೂಡಲೇ ಸೆರಗು ಕೆಳಗಿಳಿಸಿ "ಛಲೋ ಐತ್ರಿ" ಅಂದರು. ನನಗೆ ತಡೆಯಲಾಗಲಿಲ್ಲ, ಕಿಸಕ್ಕನೆ ನಗು ಬಂತು. ಅವರು ಒಂದು ಗಳಿಗೆ ನನ್ನನ್ನೇ ದಿಟ್ಟಿಸಿದರು.

"ಒಂದ್ ಮಾತ್ ಕೇಳ್ತೀನ್ರಿ, ಸಿಟ್ಟಾಗಬ್ಯಾಡ್ರಿ. ಇಂಥಾ ಜಾಗಾ ನೀವು ಯಾಕ ಆರಿಸಿದ್ರಿ?"

"ನಾವಾ? ನೀವು ತಾನೇ ಕರೆದಿದ್ದು!"

"ಅಯ್ಯ ಶಿವನ! ನಾವೆಲ್ಲಿ ಕರದೇವ್ರಿ? ನೀವಽ ಕರದೀರಿ, ಹುಡುಗಿ ಮನಿಯವ್ರು ತಯಾರಿ ಮಾಡ್ಯಾರ, ಬರೂದಿಲ್ಲ ಅಂದ್ರ ಸರಿ ಅನಸೂದಿಲ್ಲ ಅಂದ ನಮ್ಮ ಹುಡುಗ."

ಇಬ್ಬರಿಗೂ ಒಟ್ಟಿಗೇ ಅರ್ಥವಾಯಿತು. ಇವು ಎರಡೂ ಸೇರಿಕೊಂಡು ಅವರಿಗೆ ನಮ್ಮ ಹೆಸರು, ನಮಗೆ ಅವರ ಹೆಸರು ಹೇಳಿ ನಮ್ಮನ್ನೆಲ್ಲ ಈ ಹೊಲಸಿಗೆ ತಂದು ಕೆಡವಿವೆ. ಮಕ್ಕಳೇ ಕರೆದರು ಅಂತ ಗೊತ್ತಾಗಿದ್ದರೆ ಎರಡು ಕಡೆಯ ಹಿರಿಯರೂ ಹೆಜ್ಜೆ ಎತ್ತುತ್ತಿರಲಿಲ್ಲ, ಅದು ಅವಕ್ಕೆ ಚೆನ್ನಾಗಿ ಗೊತ್ತು. ಕರೆದವರ ಮುಂದೆ ಯಾರೂ ಚಕಾರ ಎತ್ತುವುದಿಲ್ಲ ಅನ್ನುವುದೂ ಗೊತ್ತು.

"ಮುಂಜಾನಿಂದ ನಮ್ಮನಿಯವ್ರ ಕಿವಿ ತಿನ್ನಾಕತ್ತೀನ್ರಿ" ಅಂದರು ಅವರು. "ಇಂಥಾ ಹೊಲಸಿನ್ಯಾಗ ತಂದು ಕುಂದ್ರಸೂ ಮಂದಿ ಕೂಡ ಬೀಗತನ ಬ್ಯಾಡೇ ಬ್ಯಾಡ ಅಂತ."

"ನಾನೂ ಅದನ್ನೇ ಹೇಳ್ತಿದ್ದೆ ಕಣ್ರೀ! ತಲೆನೋವು ಅಂತ ಎದ್ದು ಹೋಗೋಣ ಅಂತಿದ್ದೆ."

"ನಾನು ಬಿ.ಪಿ. ಅನ್ನೋವಿದ್ದೆ!"

ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆವು. ಕುರ್ಚಿಯ ಮೇಲೆ ಪೇಪರ್ ಹಾಸಿ ಅವರ ರೊಟ್ಟಿ, ಶೇಂಗಾ ಚಟ್ನಿ, ನನ್ನ ಪುಳಿಯೋಗರೆ ಎಲ್ಲ ಬಿಚ್ಚಿದೆವು. ಹಸಿದು ಕಂಗಾಲಾಗಿದ್ದೆವು ಇಬ್ಬರೂ. ರೊಟ್ಟಿ ತೆಗೆಯುವಾಗ ಅವರ ಚೀಲದ ತಳದಲ್ಲಿ ಒಂದು ಗಂಟು ಕಾಣಿಸಿತು: ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನದ ಬೇರು, ಮೇಲೆ ಹಸಿರು ಬಣ್ಣದ ಕುಪ್ಪಸದ ಖಣ. "ನಾಳೆ ಮುಂಜಾನೆ ಹುಡುಗಿಗೆ ಉಡಿ ತುಂಬೂಣಂತ ತಂದೀನ್ರಿ" ಅಂದರು. ನಮ್ಮ ಕಡೆ ಮಡಿಲು ತುಂಬುವುದು ಅನ್ನುತ್ತೇವಲ್ಲ, ಅದೇ. "ಮುಂಜಾನಿಂದ ಬ್ಯಾಡ ಬ್ಯಾಡ ಅನ್ನಾಕಿ, ಹಂಗಿದ್ರೂ ಇದನ್ನ ಮಾತ್ರ ಬಿಡದಽ ಹಿಡಕೊಂಡ ತಿರಗಾಕತ್ತೀನಿ ನೋಡ್ರಿ."

ನನ್ನ ಕೈಯಲ್ಲಿ ತಾಂಬೂಲಕ್ಕೆ ಒಂದು ಎಲೆ ಕೂಡ ಇರಲಿಲ್ಲ. ನಾಚಿಕೆಯಾಯಿತು. ಆ ಹೆಂಗಸು ನನಗೆ ಅಲ್ಲೇ ಹಿಡಿಸಿಬಿಟ್ಟರು. ಚಾಳಾದರೇನು, ಬಂಗಲೆಯಾದರೇನು, ಈ ಮನೆಗೆ ಮಗಳನ್ನು ಕೊಡುವುದೇ ಸೈ ಅಂತ ಮನಸ್ಸು ಪೂರ್ತಿ ತಿರುಗಿತು. "ಬೀಗಿತ್ತಿ, ಏಳಿ" ಅಂದೆ. "ಯಾಕೆ ಇರಬೇಕು ಈ ನರಕದಲ್ಲಿ? ಎಲ್ಲರೂ ನಮ್ಮನೆಗೆ ಹೋಗೋಣ. ನೆಲ ಕ್ಲೀನಾಗಿದೆ, ಹಾಸಿಗೆ ಹಾಕ್ತೀನಿ, ಬಿಸಿ ಅನ್ನ ಸಾರು ಮಾಡ್ತೀನಿ. ಮಾತುಕತೆ ಅಲ್ಲೇ ಆಗಲಿ." ಅವರ ಮುಖ ಅರಳಿತು. ಯಾರು ಮೊದಲು ಯಾರ ಮನೆಗೆ ಹೋಗಬೇಕು ಅನ್ನುವುದು ಇಬ್ಬರಿಗೂ ಮರೆತೇ ಹೋಗಿತ್ತು.

ಕೆಳಗೆ ಕೌಂಟರಿನ ಹತ್ತಿರ ಗಂಡಸರೂ ಮಕ್ಕಳೂ ಇದ್ದರು. ನಾನು ವಿಷಯ ಹೇಳಿದೆ. ಎರಡು ಕಡೆಯ ಅಪ್ಪಂದಿರೂ ಮುಖ ಮುಖ ನೋಡಿಕೊಂಡು, ಮೊದಲು ಪೆಚ್ಚಾಗಿ, ಆಮೇಲೆ ಜೋರಾಗಿ ನಕ್ಕರು. ಹುಡುಗ ಹುಡುಗಿ ಇಬ್ಬರೂ ಕಿವಿ ಹಿಡಿದುಕೊಂಡು ಸಾರಿ ಅಂದರು. ಮಗಳ ಮುಖದಲ್ಲಿ ಬೆಳಿಗ್ಗೆಯಿಂದ ಮೊದಲ ಬಾರಿ ನಗು ಕಂಡೆ. ಇಷ್ಟು ಒಳ್ಳೆಯ ಗಳಿಗೆಯಲ್ಲಿ ನಾನು ಸುಮ್ಮನೆ ಹೊರಟುಬಿಡಬೇಕಿತ್ತು. ಆದರೆ ದಿನವೆಲ್ಲ ಹಾಕಿದ್ದ ಬೀಗ ಆಗಷ್ಟೇ ತೆಗೆದಿತ್ತಲ್ಲ. ಮ್ಯಾನೇಜರ್ ಕಡೆ ತಿರುಗಿ ನನಗೆ ಬರುವ ಹಿಂದಿಯಲ್ಲೆಲ್ಲ ಬೈದೆ. ಹಾಸಿಗೆ, ಬಕೆಟ್, ನೊಣ, ಮೆಟ್ಟಿಲು, ಯಾವುದನ್ನೂ ಬಿಡಲಿಲ್ಲ.

ಆ ಮನುಷ್ಯ ತಣ್ಣಗೆ ಕೇಳಿಸಿಕೊಂಡು ಕನ್ನಡದಲ್ಲಿ ಹೇಳಿದ: "ಅಮ್ಮಾ, ಕನ್ನಡದಲ್ಲೇ ಬೈಯಿರಿ, ತೊಂದರೆ ಇಲ್ಲ. ನಾನು ಉಡುಪಿ ಕಡೆಯವನು. ನೀವು ಬೆಳಿಗ್ಗೆ ಬೆಕ್ಕಿಗೆ ಅಂದದ್ದು, ನನಗೆ ಅಂದದ್ದು ಎಲ್ಲ ಕೇಳಿ ಆಗಿದೆ."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಈ ಊರಿನಲ್ಲಿ ಕನ್ನಡವೆಂದರೆ ನಮ್ಮ ಮನೆಯ ಒಳಕೋಣೆ ಎಂದುಕೊಂಡು ಏನೇನೋ ಗೊಣಗಿದ್ದೆ.

"ಜಾಗ ಹಾಳಾಗಿದೆ, ನಾನು ಇಲ್ಲ ಅನ್ನುದಿಲ್ಲ" ಅಂದ ಅವನು. "ಹಳೇ ಕಟ್ಟಡ, ಉಪ್ಪುಗಾಳಿ, ಧಣಿಗಳು ಇತ್ತ ತಿರುಗಿಯೂ ನೋಡುದಿಲ್ಲ. ಆದರೆ ನಾನು ಫೋನಿನಲ್ಲೇ ಹೇಳಿದ್ದೆ ಮಾರಾಯ್ರೆ. ವಯಸ್ಸಾದವರು ಇದ್ದರೆ ಒಮ್ಮೆ ಬಂದು ನೋಡಿ ಹೋಗಿ, ಆಮೇಲೆ ಬುಕ್ ಮಾಡಿ ಅಂತ. ನಿಮ್ಮ ಕಡೆಯಿಂದ ಯಾರೂ ಬರ್ಲೇ ಇಲ್ಲ."

"ಬಂದಿದ್ದ" ಅಂದಳು ಮಗಳು. "ಇವನು ಬಂದಿದ್ದ. ಭಾನುವಾರ."

ಮ್ಯಾನೇಜರ್ ಹುಡುಗನನ್ನು ನೋಡಿದ. ಅವನಿಗೆ ಅರ್ಥವಾಯಿತು, ಕೂಡಲೇ ಮಾತು ತಿರುಗಿಸಿದ. "ಹಾ, ಬಂದಿರಬಹುದು, ಬಂದಿರಬಹುದು. ನಾನೇ ರಜೆಯಲ್ಲಿ ಇದ್ದೆನೋ ಏನೋ." ಅಷ್ಟು ಬೈಸಿಕೊಂಡವನು ಕೂಡ ನಮ್ಮ ಮರ್ಯಾದೆ ಉಳಿಸಲು ನೋಡಿದ. ಆದರೆ ಹುಡುಗನ ಮುಖ ಬಿಳಿಚಿಕೊಂಡಿತ್ತು.

"ಮೆಗಾಬ್ಲಾಕ್ ಥಾ ಯಾರ್ ಉಸ್ ದಿನ್" ಅಂದ. "ಹಳಿ ರಿಪೇರಿ ಅಂತ ಲೋಕಲ್ ಟ್ರೈನ್ ಸರಿಯಾಗಿ ಇರಲಿಲ್ಲ. ಆಮೇಲೆ ಟೈಮೇ ಸಿಗಲಿಲ್ಲ."

"ನೀನು ಕಂಬಿ ಇದೆ ಅಂದೆ. ಸ್ಟೀಲಿನದು. ನಾನೇ ಹಿಡಿದು ಜಗ್ಗಿ ನೋಡಿದೀನಿ, ಗಟ್ಟಿ ಇದೆ ಅಂತ ನೀನೇ ಅಂದೆ."

"ನಿನಗೆ ಟೆನ್ಷನ್ ಆಗಬಾರದು ಅಂತ. ಹೋಗಿಲ್ಲ ಅಂದ್ರೆ ನೀನು ಬೇಜಾರು ಮಾಡ್ಕೋತಿದ್ದೆ."

ಮಗಳು ಅಪ್ಪನ ಅಂಗೈ ನೋಡಿದಳು. ಆ ತುಕ್ಕು ಇನ್ನೂ ಹೋಗಿರಲಿಲ್ಲ. ತನ್ನ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಹೊರಗೆ ಹೋದಳು.

ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಇಷ್ಟಕ್ಕೆ ಯಾರಾದರೂ ಸಿಟ್ಟು ಮಾಡುತ್ತಾರೆಯೇ, ಸಣ್ಣ ವಿಷಯ, ಹುಡುಗ ಪಾಪ ಅವಳ ಮೇಲಿನ ಪ್ರೀತಿಗೆ ಹೇಳಿದ್ದು. ಎಲ್ಲರಿಗಿಂತ ಜೋರಾಗಿ ಹೇಳಿದವಳು ನಾನೇ. ಅವಳ ಹಿಂದೆಯೇ ಓಡಿದೆ. ಗೇಟಿನ ಹತ್ತಿರ ಪಾಚಿಗಟ್ಟಿದ ಕಲ್ಲುಬೆಂಚಿನ ಪಕ್ಕ ನಿಂತಿದ್ದಳು.

"ಹುಚ್ಚಿ, ಹೋಗಲಿ ಬಿಡೆ. ಎಂಥ ಅತ್ತೆ ಸಿಕ್ಕಿದ್ದಾರೆ ನೋಡು ನಿನಗೆ, ಬಂಗಾರದಂಥ ಹೆಂಗಸು. ಒಂದು ಸಣ್ಣ ಸುಳ್ಳಿಗೆ ಇದನ್ನೆಲ್ಲ ಬಿಡ್ತೀಯಾ? ನೀನೂ ನಮಗೆ ಸುಳ್ಳು ಹೇಳಲಿಲ್ವಾ?"

"ಹೇಳಿದೆ. ನಾವಿಬ್ಬರೂ ಸೇರಿ ನಿಮಗೆಲ್ಲ ಹೇಳಿದ್ವಿ, ತಪ್ಪೇ. ಆದ್ರೆ ನನಗೆ ಹೇಳಿದ್ದು ಅವನೊಬ್ಬನೇ, ಅಮ್ಮ."

"ನಿನಗೆ ಬೇಜಾರಾಗಬಾರದು ಅಂತ ಹೇಳಿದ್ದು ಕಣೆ."

"ಅದೇ ಅಮ್ಮ. ಇನ್ನು ಮುಂದೆ ಅವನು ಏನೇ ಹೇಳಿದರೂ, ಮನೆ ಸರಿಯಾಗಿದೆ, ಮಗುಗೆ ಜ್ವರ ಇಲ್ಲ, ಎಲ್ಲಾ ಓಕೆ ಅಂದರೂ, ಪ್ರತಿ ಸಲ ನಾನೇ ಹಿಡಿದು ಜಗ್ಗಿ ನೋಡ್ಬೇಕಾ? ಜಿಂದಗೀ ಭರ್?"

ಬೆಳಿಗ್ಗೆಯಿಂದ ಈ ಸಂಬಂಧ ಮುರಿಯಲಿ ಅಂತ ಕಾದು ಕೂತಿದ್ದವಳು ನಾನು. ಮುರಿದು ಬಿದ್ದಾಗ ಅದನ್ನು ಎತ್ತಿ ಅಂಟಿಸಲು ಪರದಾಡಿದವಳೂ ನಾನೇ. ಅವಳು ಅಳುತ್ತಿರಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಿ ಒಪ್ಪಿಸುತ್ತಿದ್ದೆನೇನೋ. ಹುಡುಗ ಬಂದು ಏನೇನೋ ಹೇಳಿದ, ಕೈ ಮುಗಿದ, ಅವನ ಕಣ್ಣಲ್ಲಿ ನೀರಿತ್ತು. ಅವನು ಕೆಟ್ಟವನಲ್ಲ, ಈಗಲೂ ಹೇಳುತ್ತೇನೆ. ಯಾರಿಗೂ ಬೇಸರವಾಗಬಾರದು ಅನ್ನುವ ಮನೆಗಳಲ್ಲಿ ಬೆಳೆದವನು, ನಮ್ಮ ಹಾಗೆಯೇ. ಅವಳು ಬೇಡವೆಂದು ತಲೆಯಾಡಿಸಿದಳು ಅಷ್ಟೇ.

ಉಳಿಯುವುದೋ ಬಿಡುವುದೋ ಎಂಬ ಪ್ರಶ್ನೆ ಹೀಗೆ ಬಗೆಹರಿಯಿತು. ಚೀಲ ತರಲು ನಾನು ಮೇಲೆ ಹೋದಾಗ ಬೀಗಿತ್ತಿಯೂ ಹಿಂದೆಯೇ ಬಂದರು. ಇನ್ನು ಬೀಗಿತ್ತಿ ಅನ್ನಬಾರದು, ಆದರೆ ಬೇರೆ ಹೆಸರು ನನಗೆ ಬರುವುದಿಲ್ಲ. ಬಾಗಿಲನ್ನು ಭುಜದಿಂದ ತಳ್ಳಿ ಮುಚ್ಚಿದರು. ಆಮೇಲೆ ಚೀಲದಿಂದ ಆ ಗಂಟು ತೆಗೆದರು.

"ಅಕ್ಕಾರ, ಇಲ್ಲೆ ಕುಂದರ್ರಿ."

"ಬೇಡ ಇವರೇ, ಇದು ಅವಳಿಗೆ ಅಂತ..."

"ಕಟಗೊಂಡ ಬಂದದ್ದನ್ನ ಹೊಳ್ಳಿ ಮನಿಗೆ ಒಯ್ಯಾಕ ನನ್ನ ಕೈಲೆ ಆಗೂದಿಲ್ರಿ. ಮುತ್ತೈದಿ ಇದ್ದೀರಿ, ನಿಮಗಽ ತುಂಬ್ತೀನಿ. ಕುಂದರ್ರಿ."

ಸೋರುವ ಏಸಿಯ ಕೆಳಗೆ, ಆ ಕಲೆಯ ಹಾಸಿಗೆಯ ಅಂಚಿನಲ್ಲಿ ಕೂತೆ. ದಿನವಿಡೀ ಸೀರೆಯ ತುದಿ ತಗುಲಿಸದೆ ನಿಂತಿದ್ದ ಜಾಗ ಅದು. ಅವರು ನನ್ನ ಹಣೆಗೆ ಕುಂಕುಮ ಹಚ್ಚಿ, ನಾನು ಒಡ್ಡಿದ ಸೆರಗಿಗೆ ಅಕ್ಕಿ, ಕೊಬ್ಬರಿ, ಖಣ ಎಲ್ಲ ಹಾಕಿದರು. "ಅಕ್ಕಿ ಇಟಗೋಬ್ಯಾಡ್ರಿ, ಕುದಿಸಿ ಮನಿಮಂದಿ ಎಲ್ಲಾರೂ ಉಣ್ರಿ" ಅಂದರು. "ನಿಮ್ಮ ಹುಡುಗಿ ತಪ್ಪಿಲ್ರಿ. ನಮ್ಮಾವಂಗ ಸಣ್ಣಾಂವ ಇದ್ದಾಗಿಂದ ಇದಽ ರೂಢಿ. ನನಗ ಬ್ಯಾಸರ ಆಗಬಾರದಂತ ನನ್ನ ಮುಂದೂ ಹಿಂಗಽ ಹೇಳ್ತಾನ." ಆಗ ನಾನು ಅತ್ತೆ. ಆ ನಾರುವ ರೂಮಿನಲ್ಲಿ ಇಬ್ಬರೂ ತಬ್ಬಿಕೊಂಡು ಅತ್ತೆವು.

ನಾವು ಮೂವರೂ ಬೋಟು ಹತ್ತಿದೆವು. ಬೋಟು ದಾಟುವ ಖಾಡಿಯ ನೀರಿನಿಂದ ಸತ್ತ ಮೀನಿನ ವಾಸನೆ ಬರುತ್ತಿತ್ತು. ಯಜಮಾನರು ತಮ್ಮ ಅಂಗೈಯನ್ನು ಪ್ಯಾಂಟಿಗೆ ಉಜ್ಜುತ್ತಲೇ ಇದ್ದರು. ಮನೆಗೆ ಬಂದು ಅಂಗಾಲಿನ ಡಾಂಬರಿಗೆ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿದೆ. ಆ ಸೀರೆಯನ್ನು ಎರಡು ಸಲ ಒಗೆದರೂ ಒದ್ದೆ ಗೋಣಿಚೀಲದ ವಾಸನೆ ಹೋಗಲಿಲ್ಲ.

ಮಾರನೆಯ ದಿನ ಆ ಅಕ್ಕಿಯಲ್ಲೇ ಅನ್ನ ಮಾಡಿದೆ. ಮಗಳು ಸಾರು ಕಲಸಿ ಒಂದು ತುತ್ತು ಬಾಯಿಗಿಟ್ಟು ಕೇಳಿದಳು: "ಇದು ಯಾವ ಅಕ್ಕಿ ಅಮ್ಮ? ಬೇರೆ ಥರ ಇದೆ."

ಅಂಗಡಿಯವನು ಹೊಸದು ಕೊಟ್ಟ ಅನ್ನುವ ಮಾತು ನಾಲಿಗೆಯ ತುದಿಯಲ್ಲಿ ತಯಾರಾಗಿತ್ತು. ಅವಳಿಗೆ ಬೇಜಾರಾಗಬಾರದಲ್ಲ. ತುಟಿ ತೆರೆದವಳು ಅವಳ ಮುಖ ನೋಡಿ ತಡೆದೆ.

"ಅವರಮ್ಮ ಕೊಟ್ಟಿದ್ದು" ಅಂದೆ. "ನಿನ್ನ ಮಡಿಲಿಗೆ ಅಂತ ತಂದಿದ್ದು."

ಅವಳ ಕೈ ನಿಂತಿತು. ಆಮೇಲೆ ಅಳುತ್ತಾ ಅಳುತ್ತಾ ಉಂಡಳು, ಒಂದು ಅಗುಳೂ ಬಿಡದ ಹಾಗೆ.